ಕೇಳಿಸದ ಷಡ್ಜ

ಮೈಸೂರಿನಿಂದ ನಂಜನಗೂಡಿಗೆ ಸಾಗುವ ದಾರಿಯಲ್ಲಿರುವ ನಮ್ಮ ತಾಂಡವಪುರವು ತನ್ನ ಹೆಸರಿನಲ್ಲಿಯೇ ನಟರಾಜನ ನೃತ್ಯವನ್ನು ಧರಿಸಿಕೊಂಡಿದೆ. ಚಾಮರಾಜನಗರದ ರೈಲು ಹಾದುಹೋಗುವ ಸದ್ದು, ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಹೊತ್ತಿನ ಸೈರನ್, ಮಂಗಳಾರತಿಯ ಗಂಟೆ, ಕೊಟ್ಟಿಗೆಗೆ ಮರಳುವ ದನಗಳ ಕೊರಳಿನ ದನಿ, ಇವೆಲ್ಲವೂ ಒಂದರ ಮೇಲೊಂದು ಬಂದು ಬೀಳುವ ಒಂದು ಸಂಜೆ, ಮನೆಯ ಜಗಲಿಯ ಮೇಲೆ ಕುಳಿತು, ನಾನು ನನ್ನ ಸೋದರಮಾವನವರಿಗೆ ಪಾಶ್ಚಾತ್ಯ ವಾದ್ಯವೃಂದದ ಕೃತಿಯೊಂದನ್ನು ಕೇಳಿಸಿದೆನು. ಮಾವನವರಿಗೆ ಎಂಬತ್ತು ದಾಟಿದೆ. ಪ್ರಾಯದಲ್ಲಿ ಸುತ್ತಮುತ್ತಣ ಊರುಗಳ ಹರಿಕಥೆಗಳಿಗೆ ಮೃದಂಗ ನುಡಿಸಿದವರು; ಈಗ ಬೆರಳುಗಳು ಬಾಗಿಹೋಗಿದ್ದರೂ ಕಿವಿ ಮಾತ್ರ ಬಾಗಿಲ್ಲ. ಅವರು ಕಣ್ಣು ಮುಚ್ಚಿಕೊಂಡು, ಎಡಗೈಯಿಂದ ತೊಡೆಯ ಮೇಲೆ ತಾಳವನ್ನು ಹುಡುಕುತ್ತ, ಹತ್ತು ನಿಮಿಷಗಳಷ್ಟು ಹೊತ್ತು ಮಾತಿಲ್ಲದೆ ಕೇಳಿದರು. ಆಮೇಲೆ ಕಣ್ಣು ತೆರೆದು ನಿಧಾನವಾಗಿ ಕೇಳಿದರು: “ಎಲ್ಲಾ ಚೆನ್ನಾಗಿದೆಯಪ್ಪ. ಆದರೆ ಇದಕ್ಕೆ ಶ್ರುತಿ ಎಲ್ಲಿದೆ?”

ನನ್ನಲ್ಲಿ ಉತ್ತರವಿರಲಿಲ್ಲ. “ಅವರ ಸಂಗೀತದಲ್ಲಿ ತಂಬೂರಿ ಇರುವುದಿಲ್ಲ, ಮಾವ” ಎಂದೆನು. ಅದು ಮಾಹಿತಿಯಾಯಿತೇ ಹೊರತು ಸಮಾಧಾನವಾಗಲಿಲ್ಲ. ಮಾವನವರು ಕೇಳಿದ್ದು ವಾದ್ಯವೊಂದರ ಇರವು ಇಲ್ಲದಿರವುಗಳನ್ನು ಕುರಿತಲ್ಲವೆಂಬುದು ಆ ರಾತ್ರಿ ಮಲಗಿದ ಮೇಲೆ ನನಗೆ ಹೊಳೆಯಿತು. ಆಧಾರವು ಕಿವಿಗೆ ಬೀಳದಿರುವಲ್ಲಿ ಆಧಾರವಿದೆಯೆಂದು ನಂಬುವುದು ಹೇಗೆ? ಇದು ಸಂಗೀತದ ಪ್ರಶ್ನೆಯಾಗಿರುವಷ್ಟೇ ಧರ್ಮದ ಪ್ರಶ್ನೆಯೂ ಆಗಿದೆ. ದೇವರ ಮನೆಯಲ್ಲಿ ದೀಪವುರಿಯುತ್ತಿರುವಾಗ ದೇವರಿದ್ದಾನೆಂದು ನಂಬುವುದು ಸುಲಭ. ದೀಪವಿಲ್ಲದ ದಾರಿಯಲ್ಲಿ ನಡೆಯುವವನ ಮಾತೇ ಬೇರೆ.

ಅಂದು ಕೇಳಿಸಿದ ಕೃತಿಯು ರಷ್ಯಾ ದೇಶದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಮಡಿದ ನಿಕೊಲಾಯ್ ಮೆಟ್ನರನ ಮೂರನೆಯ ಪಿಯಾನೊ ಕಾನ್ಸರ್ಟೊ. ಪಿಯಾನೊ ವಾದಕನೊಬ್ಬನೂ ತುಂಬು ವಾದ್ಯವೃಂದವೂ ಸಂವಾದಿಸುವ, ಅರ್ಧಗಂಟೆಗೂ ಮೀರಿದ ರಚನೆ. ಪರದೇಶದ ಈ ಕೃತಿಗೂ ನಮ್ಮ ಸೀಮೆಗೂ ಸಂಬಂಧವೇನೆಂದು ಕೇಳುವವರಿಗೆ ಅದರ ಅರ್ಪಣಪತ್ರವೇ ಉತ್ತರ ಹೇಳುತ್ತದೆ. ಅದನ್ನು ಮೆಟ್ನರನು ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರಿಗೆ ಕೃತಜ್ಞತಾಪೂರ್ವಕವಾಗಿ ಅರ್ಪಿಸಿದ್ದಾನೆ. ನಂಜನಗೂಡಿನ ಶ್ರೀಕಂಠೇಶ್ವರನಿಗೆ ತಲೆತಲಾಂತರದಿಂದ ನಡೆದುಕೊಂಡು ಬಂದ ಮನೆತನದ ದೊರೆಯೊಬ್ಬರ ಹೆಸರು, ಹಿಮದ ನಾಡಿನ ದೇಶಭ್ರಷ್ಟ ರಚನಕಾರನೊಬ್ಬನ ಕೊನೆಯ ಕಾನ್ಸರ್ಟೊದ ಮೊದಲ ಪುಟದಲ್ಲಿ ನಿಂತಿದೆ. ಈ ಸಂಗತಿಯನ್ನು ನಾವು ಅಭಿಮಾನಕ್ಕಾಗಿ ಬಳಸಿಕೊಂಡದ್ದುಂಟು; ಅದರ ಅರ್ಥವನ್ನು ವಿಚಾರಿಸಿದ್ದು ಕಡಿಮೆ.

ಮೆಟ್ನರನು 1880ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದನು. ಕ್ರಾಂತಿಯ ತರುವಾಯ 1921ರಲ್ಲಿ ಸ್ವದೇಶವನ್ನು ತೊರೆದು, ಜರ್ಮನಿಯಲ್ಲಿಯೂ ಫ್ರಾನ್ಸಿನಲ್ಲಿಯೂ ಅಲೆದು, 1930ರ ದಶಕದ ನಡುವೆ ಲಂಡನ್ನಿನಲ್ಲಿ ನೆಲೆ ಕಂಡುಕೊಂಡನು. ಜಗತ್ತಿನ ಅಭಿರುಚಿಯು ಹೊಸ ಹೊಸ ಶೈಲಿಗಳ ಕಡೆಗೆ ಓಡುತ್ತಿದ್ದ ಆ ಕಾಲದಲ್ಲಿ, ಹಳೆಯ ಸ್ವರಧರ್ಮವನ್ನು ಬಿಡದೆ ಹಿಡಿದಿದ್ದ ಆತನಿಗೆ ಕೇಳುಗರು ವಿರಳವಾದರು. ಎರಡನೆಯ ಮಹಾಯುದ್ಧವು ಇದ್ದಬದ್ದ ಆದಾಯಕ್ಕೂ ಕುತ್ತು ತಂದಿತು. ಹೃದ್ರೋಗವು ದೇಹವನ್ನು ಕೆಡವಿತು. ಇಂತಹ ದುರ್ದಿನಗಳಲ್ಲಿ, ಬಾಂಬುಗಳಿಗೆ ಅಂಜಿ ಲಂಡನ್ನನ್ನು ಬಿಟ್ಟು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಶಿಷ್ಯೆಯೊಬ್ಬಳ ಆಶ್ರಯದಲ್ಲಿದ್ದಾಗ, 1943ರಲ್ಲಿ, ಈ ಕಾನ್ಸರ್ಟೊ ಮುಗಿಯಿತು. 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಏಡ್ರಿಯನ್ ಬೋಲ್ಟ್ ವಾದ್ಯವೃಂದವನ್ನು ನಡೆಸಲು, ರಚನಕಾರನು ತಾನೇ ಪಿಯಾನೊ ಮುಂದೆ ಕುಳಿತು ಅದನ್ನು ಮೊದಲ ಬಾರಿಗೆ ನುಡಿಸಿದನು.

ಅತ್ತ ಮೈಸೂರಿನಲ್ಲಿ, 1919ರಲ್ಲಿ ಹುಟ್ಟಿ 1940ರಲ್ಲಿ ಸಿಂಹಾಸನವನ್ನೇರಿದ ತರುಣ ಮಹಾರಾಜರು ಪಿಯಾನೊ ವಿದ್ಯೆಯಲ್ಲಿ ಗಾಢವಾದ ಪರಿಶ್ರಮವುಳ್ಳವರಾಗಿದ್ದರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್ ಅವರನ್ನು ಗೌರವ ಫೆಲೋ ಎಂದು ಪುರಸ್ಕರಿಸಿತು. 1948ರಲ್ಲಿ ಅವರು ಫಿಲಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಜನ ಮರೆಯತೊಡಗಿದ್ದ ಮೆಟ್ನರನ ಕೃತಿಗಳನ್ನು ಆತನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಬೇಕೆಂದು ಅವರು ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿಯನ್ನು ಕಟ್ಟಿ ಧನವನ್ನೊದಗಿಸಿದರು. 1947ರಲ್ಲಿ, ಇಸ್ಸೇ ಡೊಬ್ರೊವೆನ್ ನಿರ್ದೇಶನದ ಫಿಲಾರ್ಮೋನಿಯಾ ವಾದ್ಯವೃಂದದೊಡನೆ, ಮೂರನೆಯ ಕಾನ್ಸರ್ಟೊ ತಟ್ಟೆಗಳ ಮೇಲೆ ಅಚ್ಚಾಯಿತು. 1951ರ ನವೆಂಬರಿನಲ್ಲಿ ಮೆಟ್ನರನು ತೀರಿಕೊಂಡನು. ಸಂಕಲ್ಪಿಸಿದ್ದೆಲ್ಲವೂ ಪೂರೈಸಲಿಲ್ಲ, ಆದರೂ ಮೂರು ಕಾನ್ಸರ್ಟೊಗಳೂ ಅನೇಕ ಗೀತಗಳೂ ಬಿಡಿ ರಚನೆಗಳೂ ಆತನ ಸ್ವಂತ ಬೆರಳುಗಳಿಂದ ಉಳಿದುಕೊಂಡವು. ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸನ ಅಂತ್ಯಗೀತಗಳಾದ ನಾಲ್ಕು ಹಾಡುಗಳು, ಆತನ ಮರಣಾನಂತರ 1950ರ ಮೇ 22ರಂದು, ಕರ್ಸ್ಟನ್ ಫ್ಲಾಗ್‌ಸ್ಟಾಡಳ ಕಂಠದಿಂದ ಮೊತ್ತಮೊದಲು ಹೊರಹೊಮ್ಮಿದ ಲಂಡನ್ ಕಛೇರಿಯ ಹಿಂದೆಯೂ ಇದೇ ಒಡೆಯರ ನೆರವಿತ್ತು.

ಈ ದೊರೆಯೇ ಇನ್ನೊಂದು ದಿಕ್ಕಿನಲ್ಲಿ ಶ್ರೀವಿದ್ಯೆಯ ಉಪಾಸಕರು. ‘ಶ್ರೀವಿದ್ಯಾ’ ಎಂಬ ಅಂಕಿತದಿಂದ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಮೈಸೂರು ವಾಸುದೇವಾಚಾರ್ಯರಂತಹ ಹಿರಿಯರ ಸನ್ನಿಧಿಯಲ್ಲಿ ಕರ್ಣಾಟಕ ಸಂಗೀತದ ಮರ್ಮಗಳನ್ನರಿತವರು. ಅಪರೂಪದ ರಾಗಗಳನ್ನು ಆರಿಸಿಕೊಂಡು ಅವರು ಕಟ್ಟಿದ ಆ ಕೃತಿಗಳನ್ನು ಬಲ್ಲವರಿಗೆ, ಅವುಗಳ ಕರ್ತೃವು ಪಿಯಾನೊ ಕಲಿತವರೆಂಬ ಗುರುತು ಎಲ್ಲಿಯೂ ಮೇಲೆದ್ದು ಕಾಣುವುದಿಲ್ಲ. ಅವರು ರಾಗಕ್ಕೆ ಪಾಶ್ಚಾತ್ಯ ಸ್ವರಮೇಳದ ಅಂಗಿಯನ್ನು ತೊಡಿಸಲಿಲ್ಲ. ಎರಡು ಗುಡಿಗಳಿಗೂ ಹೋದರು. ಒಂದರ ತೀರ್ಥವನ್ನು ಇನ್ನೊಂದರ ಪಾತ್ರೆಗೆ ಸುರಿಯಲಿಲ್ಲ. ‘ಎಲ್ಲವೂ ಒಂದೇ’ ಎಂದು ಬಾಯಿಮಾತಿನಲ್ಲಿ ಹೇಳಿಬಿಡುವುದಕ್ಕೂ, ಎರಡನ್ನೂ ಅವುಗಳದೇ ನಿಯಮದಲ್ಲಿ ಗೌರವಿಸುವುದಕ್ಕೂ ಬಹಳ ಅಂತರವಿದೆ. ಮೊದಲನೆಯದಕ್ಕೆ ಶ್ರಮವೇ ಬೇಕಿಲ್ಲ. ಎರಡನೆಯದು ಒಂದು ಆಯುಸ್ಸಿನ ಸಾಧನೆಯನ್ನು ಬೇಡುತ್ತದೆ.

ಮಾವನವರ ಪ್ರಶ್ನೆಗೆ ಮರಳುತ್ತೇನೆ. ನಮ್ಮ ನುಡಿಯಲ್ಲಿ ‘ಶ್ರುತಿ’ ಎಂಬ ಒಂದೇ ಪದವು ವೇದವನ್ನೂ ಹೇಳುತ್ತದೆ, ಗಾಯಕನು ಆಧರಿಸಿ ನಿಲ್ಲುವ ನಾದವನ್ನೂ ಹೇಳುತ್ತದೆ. ಎರಡೂ ಕೇಳಲ್ಪಟ್ಟವು, ಎರಡನ್ನೂ ಮನುಷ್ಯನು ತಾನು ಸೃಷ್ಟಿಸಿದೆನೆನ್ನುವುದಿಲ್ಲ. ಕಛೇರಿಗೆ ಮುನ್ನ ತಂಬೂರಿಯನ್ನು ಸೇರಿಸುವವರನ್ನು ಹತ್ತಿರದಿಂದ ಕಂಡವರು ಬಲ್ಲರು: ಪಂಚಮ, ಸಾರಣಿ, ಅನುಸಾರಣಿ, ಮಂದ್ರ ಎಂಬ ನಾಲ್ಕು ತಂತಿಗಳನ್ನು ಬಿರಡೆ ತಿರುವಿ ಹದಕ್ಕೆ ತಂದಾದ ಮೇಲೆ, ಕುದುರೆಯ ಮೇಲೆ ತಂತಿಯಡಿಯಲ್ಲಿ ಒಂದು ನೂಲಿನೆಳೆಯನ್ನು ಕೂದಲೆಳೆಯಷ್ಟು ಅತ್ತ ಇತ್ತ ಸರಿಸುತ್ತಾರೆ. ಎಳೆಯು ತನ್ನ ಸ್ಥಾನವನ್ನು ಮುಟ್ಟಿದ ಕ್ಷಣದಲ್ಲಿ ಒಣಗಿದ ತಂತಿಯು ತಟಕ್ಕನೆ ಜೀವ ಹಿಡಿದು ಝೇಂಕರಿಸುತ್ತದೆ. ಆ ಬಳಿಕ ಆ ನಾದವು ಕಛೇರಿಯುದ್ದಕ್ಕೂ ನಿಲ್ಲುವುದಿಲ್ಲ. ಗಾಯಕನು ಎಷ್ಟು ದೂರ ಅಲೆದರೂ, ಎಂತಹ ಕ್ಲಿಷ್ಟ ಸಂಚಾರಗಳಲ್ಲಿ ಸಿಲುಕಿದರೂ, ಹಿಂದಿನಿಂದ ತಾಯಿಯ ದನಿಯಂತೆ ಷಡ್ಜವು ಕರೆಯುತ್ತಲೇ ಇರುತ್ತದೆ. ನಮ್ಮ ಸಂಗೀತದ ಧೈರ್ಯವೂ ನಿಶ್ಚಿಂತೆಯೂ ಇಲ್ಲಿಂದ ಬಂದವು. ಇದು ನಿತ್ಯಸನ್ನಿಧಿಯ ಸಂಗೀತ. ಗರ್ಭಗುಡಿಯ ಬಾಗಿಲು ತೆರೆದೇ ಇರುವ ದೇವಾಲಯ.

ಪಾಶ್ಚಾತ್ಯ ವಾದ್ಯವೃಂದದ ಕ್ರಮವು ಬೇರೆ. ಅಲ್ಲಿಯೂ ಕಛೇರಿಗೆ ಮುನ್ನ ಶ್ರುತಿ ಸೇರಿಸುವ ವಿಧಿಯುಂಟು. ಓಬೋ ಎಂಬ ಸುಷಿರವಾದ್ಯವು ಒಂದೇ ಒಂದು ಸ್ವರವನ್ನು ಹಿಡಿದು ನಿಲ್ಲುತ್ತದೆ. ಹತ್ತಾರು ಪಿಟೀಲುಗಳು, ಕೊಳಲುಗಳು, ಕೊಂಬುಗಳು ಅದರೊಡನೆ ತಮ್ಮ ತಮ್ಮ ನಾದವನ್ನು ಹೊಂದಿಸಿಕೊಳ್ಳುತ್ತವೆ. ಬಳಿಕ ಓಬೋ ಸುಮ್ಮನಾಗುತ್ತದೆ. ಸಭೆಯೂ ಸುಮ್ಮನಾಗುತ್ತದೆ. ಸಂಗೀತವು ಮೊದಲಾಗುವುದು ಆ ನಿಶ್ಶಬ್ದದಿಂದ. ಇನ್ನು ಮುಂದೆ ಆಧಾರವನ್ನು ಯಾರೂ ಹಿಂದಿನಿಂದ ನೆನಪಿಸುವುದಿಲ್ಲ; ಅದನ್ನು ಪ್ರತಿಯೊಬ್ಬ ವಾದಕನೂ ತನ್ನೊಳಗೆ ಹೊತ್ತು ನಡೆಯಬೇಕು. ಇಷ್ಟೇ ಅಲ್ಲದೆ ರಚನೆಯು ಮುಂದುವರಿದಂತೆ ಷಡ್ಜವೇ ಸ್ಥಾನಾಂತರ ಹೊಂದುತ್ತ ಹೋಗುತ್ತದೆ. ನಮ್ಮ ವಿದ್ವಾಂಸರು ಆಗೊಮ್ಮೆ ಈಗೊಮ್ಮೆ ಗ್ರಹಭೇದ ಮಾಡಿ, ಬೇರೊಂದು ಸ್ವರವನ್ನು ಕ್ಷಣಕಾಲ ಷಡ್ಜವಾಗಿಸಿಕೊಂಡು ಇನ್ನೊಂದು ರಾಗದ ಮುಖವನ್ನು ಕಾಣಿಸಿ, ಸಭೆಯು ಬೆರಗಾಗುವಷ್ಟರಲ್ಲಿ ಮೂಲಕ್ಕೆ ಮರಳುವರಷ್ಟೆ. ಅಲ್ಲಿ ಆ ಪ್ರಯಾಣವೇ ಕೃತಿಯ ಶರೀರ. ಮನೆಯನ್ನು ಬಿಟ್ಟು ಹೊರಡುವುದು, ಊರೂರು ಸುತ್ತುವುದು, ದಾರಿ ತಪ್ಪಿತೆಂಬ ಭೀತಿಗೆ ಒಳಗಾಗುವುದು, ಕೊನೆಗೆ ಮನೆಯ ಬಾಗಿಲನ್ನು ಗುರುತಿಸುವುದು.

ಹಾಗಾದರೆ ಆ ಸಂಗೀತಕ್ಕೆ ಶ್ರುತಿಯಿಲ್ಲವೇ? ನಮ್ಮ ಭಕ್ತಿಪರಂಪರೆಯೇ ಇದಕ್ಕೊಂದು ಉತ್ತರವನ್ನು ಸಿದ್ಧಪಡಿಸಿ ಇಟ್ಟಿದೆಯೆಂದು ನನಗೆ ತೋರುತ್ತದೆ. ಸನ್ನಿಧಿಯಲ್ಲಿ ನಿಂತು ಹಾಡುವ ಭಕ್ತರಿರುವಂತೆ ವಿರಹದಲ್ಲಿ ಬೆಂದು ಹಾಡಿದ ಭಕ್ತರೂ ನಮ್ಮಲ್ಲಿರುವರು. ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಕಾಡುಮೇಡುಗಳನ್ನಲೆದ ಅಕ್ಕನಿಗೆ ಆ ಅಲೆದಾಟದಲ್ಲಿ ಇಷ್ಟದೈವವು ಇರಲಿಲ್ಲವೆಂದು ಹೇಳುವ ಧಾರ್ಷ್ಟ್ಯ ಯಾರಿಗಿದೆ? ಅರಸುವವನ ಪ್ರತಿಯೊಂದು ಹೆಜ್ಜೆಯನ್ನೂ ಅರಸಲ್ಪಡುವುದೇ ನಡೆಸುತ್ತಿರುತ್ತದೆ. ಎಲ್ಲಿಗೂ ಸೇರಬೇಕಾಗಿಲ್ಲದವನು ದಾರಿ ತಪ್ಪಲಾರನು. ತಪ್ಪಿದೆನೆಂಬ ಸಂಕಟವೇ ಸೇರಬೇಕಾದ ಠಾವೊಂದಿದೆಯೆಂಬುದಕ್ಕೆ ಪ್ರಮಾಣ. ವಾದ್ಯವೃಂದದ ಸಂಗೀತದಲ್ಲಿ ದೂರದ ಸ್ವರಗಳು ನಮ್ಮನ್ನು ತಳಮಳಿಸುವಂತೆ ಮಾಡುವುದಾದರೆ, ಆ ತಳಮಳವು ಕೇಳಿಸದಿರುವ ಷಡ್ಜದ್ದೇ ಕೆಲಸ. ಇಲ್ಲದ ತಾಯಿಯನ್ನು ನೆನೆದು ಯಾವ ಮಗುವೂ ಅಳದು.

ಮೆಟ್ನರನು ಇದನ್ನೇ ತನ್ನ ಜೀವಿತದ ಸಿದ್ಧಾಂತವನ್ನಾಗಿ ಮಾಡಿಕೊಂಡಿದ್ದನೆಂಬುದು ತಿಳಿದಾಗ ನನಗೆ ಉಂಟಾದ ಸಂತೋಷವು ಅಷ್ಟಿಷ್ಟಲ್ಲ. 1935ರಲ್ಲಿ, ತನ್ನ ಆಪ್ತಮಿತ್ರನಾದ ರಚನಕಾರ ರಾಖ್ಮಾನಿನೋವನ ನೆರವಿನಿಂದ, ಆತನು ಸಂಗೀತತತ್ತ್ವವನ್ನು ಕುರಿತ ಗ್ರಂಥವೊಂದನ್ನು ಪ್ಯಾರಿಸಿನಲ್ಲಿ ಪ್ರಕಟಿಸಿದನು. ವಾಗ್ದೇವತೆಯನ್ನೂ ಕಾಲದ ಗೀಳನ್ನೂ ಎದುರುಬದುರಾಗಿ ನಿಲ್ಲಿಸುವ ಹೆಸರು ಅದರದು. ಸಕಲ ಸಂಗೀತದ ಹಿಂದೆಯೂ ಮಾನವನು ಸೃಷ್ಟಿಸದ ಒಂದು ಆದಿಗಾನವಿದೆ. ರಚನಕಾರನು ಅದನ್ನು ಕಿವಿಗೊಟ್ಟು ಕೇಳಿ, ತನ್ನ ಅಳತೆಗೆ ತಕ್ಕಷ್ಟನ್ನು ಮರಳಿ ನುಡಿಯುವವನು ಮಾತ್ರ ಎಂಬುದು ಅಲ್ಲಿಯ ನಂಬಿಕೆ. ಏಕತೆಯು ಕೇಂದ್ರ, ನಾನಾತ್ವವು ಅದನ್ನು ಸುತ್ತುವ ವಲಯ. ಶಾಂತಿಯು ಕೇಂದ್ರ, ಚಲನೆಯು ವಲಯ. ಆಧಾರಸ್ವರವು ಕೇಂದ್ರ, ಮಿಕ್ಕ ಸ್ವರಗಳು ವಲಯ. ಕೇಂದ್ರವನ್ನು ಕಳೆದುಕೊಂಡ ನಾನಾತ್ವವು ಗದ್ದಲವಾಗುವುದೆಂದು ಆತನು ತನ್ನ ಕಾಲದ ಹೊಸ ರಚನಕಾರರನ್ನು ಕಟುವಾಗಿಯೇ ಎಚ್ಚರಿಸಿದನು. ಆ ಖಂಡನೆಯೆಲ್ಲವೂ ನ್ಯಾಯವಾದುದೆಂದು ನಾನು ಹೇಳಲಾರೆನು; ಹೊಸಬರಲ್ಲಿಯೂ ಬೇರೆ ಬಗೆಯ ಕೇಂದ್ರವನ್ನರಸಿದ ಪ್ರಾಮಾಣಿಕರಿದ್ದರು. ಆದರೆ ನೆಲೆಯೆಂಬುದೊಂದಿದೆ ಎಂದು, ನೆಲೆ ಕಳೆದುಕೊಂಡ ನಿರಾಶ್ರಿತನೊಬ್ಬನು ಸಾಯುವ ತನಕ ಹೇಳುತ್ತಿದ್ದನೆಂಬುದು ತಲೆಬಾಗಿ ಕೇಳತಕ್ಕ ಮಾತು.

ಶ್ರೀಚಕ್ರವನ್ನು ಪೂಜಿಸುವವರಿಗೆ ಈ ಮಾತು ಹೊಸದೆನಿಸಲಾರದು. ಮೇಲ್ಮುಖವಾದ ನಾಲ್ಕು, ಕೆಳಮುಖವಾದ ಐದು ತ್ರಿಕೋಣಗಳು ಒಂದನ್ನೊಂದು ಛೇದಿಸಿ ನಾನಾತ್ವದ ಮಹಾಜಾಲವನ್ನೇ ಹೆಣೆಯುತ್ತವೆ. ಆ ಜಾಲದ ನಡುವೆ ಬಿಂದುವೊಂದಿರುತ್ತದೆ. ಬಿಂದುವಿಗೆ ಉದ್ದವಿಲ್ಲ, ಅಗಲವಿಲ್ಲ. ಆದರೆ ಅದನ್ನು ತೆಗೆದುಬಿಟ್ಟರೆ ಉಳಿಯುವುದು ಬರಿಯ ಗೆರೆಗಳು. ಒಡೆಯರು ಮೆಟ್ನರನಲ್ಲಿ ಏನನ್ನು ಕಂಡರೆಂದು ಅವರ ಪರವಾಗಿ ಹೇಳುವ ಅಧಿಕಾರ ನನಗಿಲ್ಲ. ಬಿಂದುವಿನ ಮುಂದೆ ಕುಳಿತುಕೊಳ್ಳುವುದನ್ನು ಅಭ್ಯಾಸ ಮಾಡಿದ ಮನಸ್ಸಿಗೆ, ಕೇಂದ್ರದ ಸುತ್ತ ಸುತ್ತುವ ಆ ಸಂಗೀತವು ಪರಕೀಯವಾಗಿ ತೋರಬೇಕಾದ ಕಾರಣವಿಲ್ಲವೆಂದಷ್ಟೇ ನನ್ನ ಅರಿಕೆ.

ಇಷ್ಟು ಹೇಳಿದರೂ ಒಂದು ಶಂಕೆ ಉಳಿಯುತ್ತದೆ. ಮಾವನವರ ಕಿವಿಗೆ ನಿಜವಾಗಿ ತೊಡಕಾದದ್ದು ಷಡ್ಜವು ಕೇಳಿಸದಿದ್ದುದಷ್ಟೇ ಅಲ್ಲ. ಏಕಕಾಲಕ್ಕೆ ಹಲವು ಸ್ವರಗಳು, ಅವುಗಳಲ್ಲಿ ಒಂದಕ್ಕೊಂದು ಒಗ್ಗದವೂ ಸೇರಿ ಮೊಳಗಿದುದು. ನಮ್ಮ ಶಾಸ್ತ್ರವು ವಿವಾದಿ ಸ್ವರವನ್ನು ಎಚ್ಚರದಿಂದ ಬಳಸುವಂತೆ ಹೇಳುತ್ತದೆ. ಅಲ್ಲಿ ವಿಷಮಸ್ವರಗಳ ಸಂಘರ್ಷವೇ ಸಂಗೀತವನ್ನು ಮುಂದಕ್ಕೆ ದೂಡುತ್ತದೆ. ಇದನ್ನು ಅರಿಯಲು ನನಗೆ ಸಹಾಯವಾದದ್ದು ನಮ್ಮ ನೆರೆಯ ನಂಜನಗೂಡಿನ ದೇವರೇ. ನಂಜುಂಡೇಶ್ವರನೆಂಬ ಹೆಸರಿನ ಕಥೆಯನ್ನು ಈ ಸೀಮೆಯ ಮಕ್ಕಳೆಲ್ಲರೂ ಬಲ್ಲರು. ಕಡಲನ್ನು ಕಡೆದಾಗ ಅಮೃತಕ್ಕೂ ಮೊದಲು ಬಂದದ್ದು ಹಾಲಾಹಲ. ಶಿವನು ಅದನ್ನು ಕುಡಿದನು. ಉಗುಳಲಿಲ್ಲ, ನುಂಗಲಿಲ್ಲ, ಕಂಠದಲ್ಲಿ ನಿಲ್ಲಿಸಿಕೊಂಡನು. ಉಗುಳಿದ್ದರೆ ಲೋಕವು ಸುಡುತ್ತಿತ್ತು. ನುಂಗಿದ್ದರೆ ಆತನೊಳಗಿನ ಲೋಕಗಳು ಸುಡುತ್ತಿದ್ದವು. ಕಂಠವೆಂದರೆ ನಾದವು ಹುಟ್ಟುವ ಸ್ಥಾನ. ವಿಷವನ್ನು ನಾದದ ಸ್ಥಾನದಲ್ಲಿಯೇ ಇಟ್ಟುಕೊಂಡ ದೈವವು ‘ಶ್ರೀಕಂಠ’ನೆಂದು, ಚೆಲುವಾದ ಕೊರಳುಳ್ಳವನೆಂದು ಕರೆಯಿಸಿಕೊಂಡಿತು. ಶೋಕವನ್ನು ಲೋಕದ ಮೇಲೆ ಕಾರಿಕೊಳ್ಳದೆ, ಒಳಗೆ ನುಂಗಿ ತಾನೂ ಉರಿಯದೆ, ಕೊರಳಿನಲ್ಲಿ ಹಿಡಿದು ಚೆಲುವಾಗಿಸುವುದಕ್ಕೆ ಸಂಗೀತವೆಂಬ ಹೆಸರೇ ಸಲ್ಲುತ್ತದಲ್ಲವೇ? ದೇಶವನ್ನೂ ಕೇಳುಗರನ್ನೂ ಆರೋಗ್ಯವನ್ನೂ ಕಳೆದುಕೊಂಡವನು ಬಾಂಬು ಬೀಳುವ ವರ್ಷಗಳಲ್ಲಿ ಬರೆದ ಕೃತಿಯಲ್ಲಿ ವಿಷಮಸ್ವರಗಳಿರದಿದ್ದರೆ ಅದು ಸುಳ್ಳಾಗುತ್ತಿತ್ತು. ಅವು ಕೊರಳಿನಲ್ಲಿ ತಡೆದು ನಿಲ್ಲದೆ ಹೋಗಿದ್ದರೆ ಅದು ಬರಿಯ ಆಕ್ರಂದನವಾಗುತ್ತಿತ್ತು.

ಇನ್ನು ಹಲವು ದನಿಗಳು ಕೂಡಿ ಮೊಳಗುವ ಮಾತು. ನಮ್ಮದು ಏಕಧಾರೆಯ ಸಂಗೀತ, ನಮಗೆ ಬಹುಧ್ವನಿಯ ಅಭ್ಯಾಸವಿಲ್ಲವೆಂದು ವಿದ್ವಾಂಸರು ಹೇಳುವುದು ಕಛೇರಿಯ ಮಟ್ಟಿಗೆ ನಿಜ. ಆದರೆ ಫಾಲ್ಗುಣದ ಬಿಸಿಲಿನಲ್ಲಿ ನಂಜನಗೂಡಿನ ದೊಡ್ಡ ಜಾತ್ರೆಯ ದಿನ ರಥಬೀದಿಯಲ್ಲಿ ನಿಂತವನಿಗೆ ಈ ಮಾತು ಅರ್ಧಸತ್ಯವೆಂದು ತೋರದಿರದು. ಅಂದು ಎಳೆಯುವುದು ಒಂದು ರಥವನ್ನಲ್ಲ, ಐದನ್ನು: ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ರಥಗಳನ್ನು. ಒಂದೊಂದಕ್ಕೂ ತನ್ನದೇ ಎತ್ತರ, ತನ್ನದೇ ಭಾರ, ತನ್ನದೇ ವೇಗ, ತನ್ನದೇ ಹಗ್ಗ, ತನ್ನದೇ ಜನ. ಶ್ರೀಕಂಠೇಶ್ವರನ ಗೌತಮ ರಥವು ಅಲುಗುವ ಮುನ್ನ ಸಾವಿರ ಕೈಗಳು ಹಗ್ಗವನ್ನು ಬಿಗಿಹಿಡಿದು ಒಂದು ಕ್ಷಣ ಸ್ತಬ್ಧವಾಗುವವು. ಆ ಮೇಲೆ ಘೋಷ, ನಾಗಸ್ವರ, ಡೋಲು, ಜಾಗಟೆ, ಶಂಖ, ಗಾಲಿಯ ಕೆಳಗೆ ನರಳುವ ಮರದ ದಿಮ್ಮಿ, ಬಾಳೆಹಣ್ಣು ಜವನಗಳನ್ನು ಎಸೆಯುವ ನವದಂಪತಿಗಳ ನಗು. ಇವುಗಳಲ್ಲಿ ಒಂದೂ ಇನ್ನೊಂದರ ಶ್ರುತಿಗೆ ಸೇರಿದ್ದಲ್ಲ. ಆದರೂ ಅದನ್ನು ಗದ್ದಲವೆಂದು ಕರೆದ ಭಕ್ತನನ್ನು ನಾನು ಕಂಡಿಲ್ಲ. ಎಲ್ಲ ಸದ್ದುಗಳೂ ರಥದೊಳಗೆ ಸದ್ದಿಲ್ಲದೆ ಕುಳಿತಿರುವ ಮೂರ್ತಿಯೊಂದನ್ನು ಸುತ್ತಿಕೊಂಡಿರುತ್ತವೆ. ಜಾತ್ರೆಯಲ್ಲಿ ಅತ್ಯಂತ ಮೌನವಾಗಿರುವುದು ದೇವರೇ. ಅಲ್ಲಿ ನಾವು ಶ್ರುತಿ ಎಲ್ಲಿದೆಯೆಂದು ಕೇಳುವುದಿಲ್ಲ, ಬಲ್ಲೆವಾದುದರಿಂದ.

ತಾಂಡವಪುರದಿಂದ ಹೊರಟ ರೈಲು ನಂಜನಗೂಡಿನ ಬಳಿ ಕಪಿಲೆಯನ್ನು ದಾಟುತ್ತದೆ. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ ಕಟ್ಟಿದ ಹಳೆಯ ಸೇತುವೆಯು ಎತ್ತಿನ ಗಾಡಿಗಳನ್ನೂ ಉಗಿಬಂಡಿಗಳನ್ನೂ ಹೊತ್ತು ದಣಿದು, ಈಗ ಹೊಸ ಸೇತುವೆಯ ಮಗ್ಗುಲಲ್ಲಿ ವಿಶ್ರಮಿಸುತ್ತಿದೆ. ಅದರಡಿಯಲ್ಲಿ ಹರಿದ ನೀರು ಪೂರ್ವಕ್ಕೆ ಸಾಗಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಪಿಟೀಲು ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಆ ಸಂಗಮದ ಊರಿನಲ್ಲಿಯೇ. ತಮ್ಮ ರಚನೆಗಳಿಗೆ ಅವರಿಟ್ಟುಕೊಂಡ ಅಂಕಿತವೂ ‘ತ್ರಿಮಕುಟ’ವೇ. ಐರೋಪ್ಯರು ಗಲ್ಲದಡಿಯಲ್ಲಿ ಇಟ್ಟುಕೊಂಡು ನಿಂತು ನುಡಿಸುವ ವಾದ್ಯವನ್ನು ನಮ್ಮವರು ನೆಲದ ಮೇಲೆ ಕುಳಿತು, ಅದರ ತಲೆಯನ್ನು ಕಾಲಿನ ಹರಡಿಗೆ ಆನಿಸಿ, ಎದೆಗೆ ಒತ್ತಿಕೊಂಡು ನುಡಿಸತೊಡಗಿದರು. ವಾದ್ಯವು ಬಾಗಿತು, ನಮಸ್ಕರಿಸುವಂತೆ. ಧ್ವನಿವರ್ಧಕವಿಲ್ಲದ ಆ ಕಾಲದ ದೊಡ್ಡ ಸಭೆಗಳಲ್ಲಿ ಕೊನೆಯ ಸಾಲಿನವರಿಗೂ ನಾದವು ಮುಟ್ಟಲೆಂದು ಚೌಡಯ್ಯನವರು ಅದರ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಕೂಡಿಸಿದರು. ಹೀಗೆ ಪಶ್ಚಿಮದ ವಾದ್ಯವೊಂದು ನಮ್ಮ ರಾಗಗಳ ದೇಹವಾಯಿತು. ಅದೇ ಕಾಲದಲ್ಲಿ, ಚೌಡಯ್ಯನವರು ಆಸ್ಥಾನ ವಿದ್ವಾಂಸರಾಗಿದ್ದ ಅದೇ ಅರಮನೆಯಲ್ಲಿ, ನಮ್ಮ ದೊರೆಯ ಹೃದಯವು ಪಶ್ಚಿಮದ ನಾದಕ್ಕೆ ಪಾತ್ರೆಯಾಯಿತು. ಒಂದು ನೀರು ಅತ್ತಣಿಂದ, ಒಂದು ಇತ್ತಣಿಂದ.

ಸಂಗಮದಲ್ಲಿ ಒಂದು ದಡದ ಮೇಲೆ ಅಗಸ್ತ್ಯೇಶ್ವರ, ಇನ್ನೊಂದು ದಡದ ಮೇಲೆ ಗುಂಜಾ ನರಸಿಂಹ. ಅಲ್ಲಿ ಸ್ನಾನ ಮಾಡುವವರನ್ನು ಕೇಳಿದರೆ ಕೂಡುವುದು ಎರಡು ನದಿಗಳೆಂದು ಯಾರೂ ಹೇಳುವುದಿಲ್ಲ. ಕಾವೇರಿ ಮತ್ತು ಕಪಿಲೆಯರೊಡನೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಕೂಡುತ್ತದೆ. ಆದುದರಿಂದಲೇ ಅದು ತ್ರಿವೇಣಿ. ಬಾಲ್ಯದಲ್ಲಿ ನಾನು ಇದನ್ನು ಹಿರಿಯರ ಅಲಂಕಾರದ ಮಾತೆಂದು ತಿಳಿದಿದ್ದೆನು. ಈಗ ಹಾಗೆ ತಿಳಿಯಲಾರೆನು. ಎರಡು ನೀರುಗಳು ನಿಜವಾಗಿ ಕೂಡಬೇಕಾದರೆ, ಎರಡರಲ್ಲಿ ಯಾವುದೂ ಅಲ್ಲದ, ಎರಡಕ್ಕೂ ಎಡೆ ಕೊಡುವ ಮೂರನೆಯದೊಂದು ಇರಲೇಬೇಕೆಂದು, ಅದು ಕಾಣದೆ ಇರುವುದೇ ಅದರ ಸ್ವಭಾವವೆಂದು ಬಲ್ಲವರು ಆ ತೀರ್ಥಕ್ಕೆ ಹೆಸರಿಟ್ಟರು. ತಂಬೂರಿಯಲ್ಲಿ ಕೇಳಿಸುವ ಷಡ್ಜವೂ ವಾದ್ಯವೃಂದದಲ್ಲಿ ಕೇಳಿಸದ ಷಡ್ಜವೂ ಕೂಡುವುದು ಅಂತಹ ಮೂರನೆಯದರಲ್ಲಿ. ಆಹತನಾದದ ಆಚೆಗೆ ಅನಾಹತವೆಂಬುದಿದೆಯೆಂದು ಶಾರ್ಙ್ಗದೇವನೇ ಮೊದಲಾದ ನಮ್ಮ ಲಾಕ್ಷಣಿಕರು ಹೇಳಿದ್ದು ಇದನ್ನು ಕುರಿತೇ ಇರಬೇಕು. ಅನಾಹತಕ್ಕೆ ಪೂರ್ವವಿಲ್ಲ, ಪಶ್ಚಿಮವಿಲ್ಲ. ಆದರೆ ಅದನ್ನು ತಲಪಲು ಯಾವುದಾದರೂ ಒಂದು ದಡದಿಂದ ಇಳಿಯಲೇಬೇಕು. ದಡವಿಲ್ಲದವನಿಗೆ ನದಿಯೂ ಇಲ್ಲ.

ಕೆಲವು ದಿನಗಳು ಕಳೆದ ಮೇಲೆ ಅದೇ ಜಗಲಿಯಲ್ಲಿ ಮಾವನವರಿಗೆ ಕೃತಿಯನ್ನು ಮೊದಲಿನಿಂದ ಮತ್ತೆ ಕೇಳಿಸಿದೆನು. ಈ ಬಾರಿ ಅದರ ಕಥೆಯನ್ನು ಮುಂಚಿತವಾಗಿ ಹೇಳಿದೆನು. ಲೆರ್ಮಾಂಟೊವನೆಂಬ ರಷ್ಯದ ಕವಿಯ ಪದ್ಯವೊಂದು ಈ ರಚನೆಗೆ ಬೀಜ. ಬೆಳದಿಂಗಳಿನ ನದಿಯಲ್ಲಿ ಜಲಕನ್ನಿಕೆಯೊಬ್ಬಳು ಈಜುತ್ತ ಹಾಡುತ್ತಾಳೆ. ನದಿಯ ತಳದ ಮರಳಿನಲ್ಲಿ ಪರದೇಶದ ವೀರನೊಬ್ಬನು ಮಲಗಿದ್ದಾನೆ. ಆಕೆ ಎಷ್ಟು ಮುದ್ದಿಸಿದರೂ ಆತನು ಉಸಿರೆತ್ತುವುದಿಲ್ಲ. ಪದ್ಯವು ಅಲ್ಲಿಗೆ ನಿಲ್ಲುತ್ತದೆ, ಮೆಟ್ನರನು ಅಲ್ಲಿಗೆ ನಿಲ್ಲಲಿಲ್ಲ. ಮೂರು ಭಾಗಗಳನ್ನು ನಡುವೆ ಬಿಡುವಿಲ್ಲದೆ ನದಿಯಂತೆ ಹರಿಸಿ, ಕೊನೆಯ ಭಾಗದ ತಲೆಯ ಮೇಲೆ ‘ಎಚ್ಚರಗೊಳಿಸುತ್ತ, ವೀರೋಚಿತವಾಗಿ’ ಎಂಬ ಅರ್ಥದ ಇಟಾಲಿಯನ್ ಪದಗಳನ್ನು ಬರೆದನು. “ಅಂದರೆ ಮಲಗಿದ್ದವನು ಏಳುತ್ತಾನೆ ಅನ್ನು” ಎಂದರು ಮಾವನವರು. “ಏಳುತ್ತಾನೆ, ಮಾವ” ಎಂದೆನು. ಎದ್ದೇಳು ಎಂದು ಮನುಷ್ಯನನ್ನು ಕೂಗಿ ಕರೆದ ಉಪನಿಷತ್ತಿನ ನಾಡಿನವರಿಗೆ ಆ ಕಥೆಯನ್ನು ಇನ್ನಷ್ಟು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕತ್ತಲಾಗುತ್ತ ಬಂದಿತ್ತು. ನಂಜನಗೂಡಿನ ಕಡೆಗೆ ರೈಲು ಹಾದುಹೋಯಿತು. ಕೃತಿಯು ತುಂಬ ದೂರ ಅಲೆದು, ಹಲವು ಕಡೆ ಮನೆಯನ್ನು ಮರೆತಂತೆ ನಟಿಸಿ, ಕೊನೆಗೆ ಎಲ್ಲಿಂದ ಹೊರಟಿತ್ತೋ ಆ ಸ್ವರಕ್ಕೇ ಮರಳಿತು. ಮರಳಿದಾಗ ಒಂದೇ ಒಂದು ವ್ಯತ್ಯಾಸವಿತ್ತು: ಹೊರಡುವಾಗ ವಿಷಾದದ ಛಾಯೆಯನ್ನು ಹೊತ್ತಿದ್ದ ಗಾಂಧಾರವು, ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಸಾಧಾರಣದಿಂದ ಅಂತರಕ್ಕೆ ಏರಿತ್ತು. ಷಡ್ಜವು ಅದೇ, ಅದರ ಮೇಲೆ ಬೆಳಕು ಬಿದ್ದಿತ್ತು. ಮಾವನವರು ಕಣ್ಣು ತೆರೆಯಲಿಲ್ಲ. ಕೊನೆಯ ಸ್ವರಸಮೂಹವು ಆರುವ ಮೊದಲೇ, ಸಣ್ಣದಾದ ನಡುಗುದನಿಯಲ್ಲಿ ಅದರ ಬುಡವನ್ನು ಹಿಡಿದು ‘ಸಾ’ ಎಂದರು. ವಾದ್ಯಗಳು ಸುಮ್ಮನಾದ ಮೇಲೆಯೂ ಉಸಿರಿರುವ ತನಕ ಅದನ್ನು ಬಿಡಲಿಲ್ಲ.

“ಇದು ಮೊದಲಿನಿಂದಲೂ ಇತ್ತಲ್ಲವೇನಪ್ಪ?” ಎಂದು ಕೇಳಿದರು. ಈ ಸಲ ಅದಕ್ಕೆ ನಾನು ಉತ್ತರ ಕೊಡಬೇಕೆಂದು ಅವರೂ ನಿರೀಕ್ಷಿಸಲಿಲ್ಲ.